ಮೇಸ್ತ್ರಿಯ ಕುರ್ಚಿಯಲ್ಲಿ ಕೂತ ಎಚ್‌ಆರ್

"ಎಚ್‌ಆರ್ ಯಾರ ಕಡೆ?"

ಈ ಪ್ರಶ್ನೆ ಎದ್ದೇ ಇಲ್ಲದ ಆಫೀಸು ಬೆಂಗಳೂರಿನಲ್ಲಿ ಇರಲಿಕ್ಕಿಲ್ಲ. ಅಪ್ರೈಸಲ್ ಮುಗಿದ ವಾರ ಯಾವುದಾದರೂ ಟೆಕ್ ಪಾರ್ಕಿನ ಕ್ಯಾಂಟೀನಿನಲ್ಲಿ ಕಿವಿಗೊಟ್ಟು ಕೂತರೆ ಸಾಕು. ಸೇರುವಾಗ ಸಂಬಳ ಚೌಕಾಸಿ ಮಾಡಿದ್ದು ಅವರೇ. ಮೊದಲ ದಿನ ಬ್ಯಾಗು, ಬಾಟಲಿ, ಟೀಶರ್ಟು ಕೊಟ್ಟು ನಗುನಗುತ್ತಾ ಫೋಟೋ ತೆಗೆಸಿದ್ದೂ ಅವರೇ. ಕೊನೆಗೊಂದು ದಿನ ಚಿಕ್ಕ ಮೀಟಿಂಗ್ ರೂಮಿಗೆ ಕರೆದು ಲ್ಯಾಪ್‌ಟಾಪ್ ವಾಪಸ್ ಇಸ್ಕೊಳ್ಳೋದೂ ಅವರೇ. ಅತ್ತ ಎಚ್‌ಆರ್‌ನಲ್ಲಿ ಕೆಲಸ ಮಾಡೋ ಗೆಳೆಯರನ್ನು ಕೇಳಿ ನೋಡಿ, ಅವರ ಗೋಳೇ ಬೇರೆ. ಮೇಲಿನವರು "ನೀವು ಎಂಪ್ಲಾಯಿಗಳ ವಕೀಲರ ಥರ ಮಾತಾಡ್ತೀರಿ" ಅಂತಾರೆ, ಕೆಳಗಿನವರು "ಮ್ಯಾನೇಜ್‌ಮೆಂಟಿನ ಏಜೆಂಟ್" ಅಂತಾರೆ. ಎರಡೂ ಕಡೆಯ ಬೈಗುಳ ಒಂದೇ ತಲೆಗೆ.

ಇದು ಇವತ್ತಿನ ಕಾರ್ಪೊರೇಟ್ ಕಾಲದ ಕಾಯಿಲೆ ಅಂತ ನಾವು ಅಂದುಕೊಳ್ತೇವೆ. ಅಲ್ಲ. ನಮ್ಮ ದೇಶದಲ್ಲಿ ಈ ಹುದ್ದೆ ಹುಟ್ಟಿದ್ದೇ ಈ ಇಕ್ಕಟ್ಟಿನ ಜೊತೆ. ಒಬ್ಬ ನಿರ್ದಿಷ್ಟ ಮನುಷ್ಯನ ಕೈಯಿಂದ ಅಧಿಕಾರ ಕಿತ್ತುಕೊಳ್ಳೋದಕ್ಕಾಗಿಯೇ ಇದನ್ನು ಸೃಷ್ಟಿ ಮಾಡಿದರು. ಮುಂಬಯಿಯ ಗಿರಣಿಗಳಲ್ಲಿ ಅವನಿಗೆ ಜಾಬರ್ ಅಂತ ಹೆಸರು. ಹೆಂಗಸರ ವಿಭಾಗದಲ್ಲಿ ಅದೇ ಕೆಲಸ ಮಾಡುತ್ತಿದ್ದವಳು ನಾಯ್ಕಿಣ್. ಕಲ್ಕತ್ತಾದ ಸೆಣಬಿನ ಗಿರಣಿಗಳಲ್ಲಿ ಸರದಾರ, ಸಿಲೋನಿನ ಟೀ ತೋಟಗಳಲ್ಲಿ ಕಂಗಾಣಿ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೇಸ್ತ್ರಿ. ಹೆಸರು ಊರಿಗೊಂದು, ಕಸುಬು ಒಂದೇ.

ಈ ಕಸುಬು ಹೇಗೆ ನಡೀತಿತ್ತು ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಯಾಕಂದ್ರೆ ಇವತ್ತಿನ ರಿಕ್ರೂಟ್‌ಮೆಂಟಿನ ಅರ್ಧ ಪಾಲು ಇಲ್ಲೇ ಇದೆ.

1850ರ ದಶಕದಲ್ಲಿ ಮುಂಬಯಿಯಲ್ಲಿ ಹತ್ತಿ ಗಿರಣಿಗಳು ಶುರುವಾದವು. ರತ್ನಾಗಿರಿ, ಸಾತಾರಾ ಕಡೆಯಿಂದ ಜನ ಬಂದರು. ಗಿರಣಿಯ ಮ್ಯಾನೇಜರ್ ಸಾಮಾನ್ಯವಾಗಿ ಇಂಗ್ಲಿಷಿನವನು ಅಥವಾ ಪಾರ್ಸಿ. ರತ್ನಾಗಿರಿಯ ರೈತನ ಮಗನ ಹತ್ತಿರ ಅವನ ಭಾಷೆಯಲ್ಲಿ ಮಾತಾಡುವ ವ್ಯವಧಾನ ಇವರಿಗೆಲ್ಲಿ? ಜೊತೆಗೆ ಗಿರಣಿಗೆ ದಿನಾ ಒಂದೇ ಸಂಖ್ಯೆಯ ಕೆಲಸಗಾರರು ಬೇಕಿರಲಿಲ್ಲ. ಮಾರುಕಟ್ಟೆ ಏರಿದಾಗ ನೂರು ಜನ ಹೆಚ್ಚು, ಇಳಿದಾಗ ನೂರು ಜನ ಕಮ್ಮಿ. ಹಾಗಾಗಿ ಒಳ್ಳೆ ಕೆಲಸಗಾರನೊಬ್ಬನನ್ನು ಜಾಬರ್ ಮಾಡಿ, "ನಿನ್ನ ಖಾತೆಗೆ ಜನ ತರೋದು, ಕೆಲಸ ಕಲಿಸೋದು, ಬಿಡಿಸೋದು ಎಲ್ಲ ನಿಂದೇ" ಅಂತ ಬಿಟ್ಟುಬಿಟ್ಟರು. ಮಾಲೀಕನಿಗೆ ತಲೆನೋವು ಕಮ್ಮಿ.

ಬೆಳಗ್ಗೆ ಗಿರಣಿಯ ಗೇಟಿನ ಹೊರಗೆ ಜನ ನಿಂತಿರುತ್ತಿದ್ದರು. ಯಾರೋ ಗೈರುಹಾಜರಾದರೆ ಅವತ್ತಿನ ಮಟ್ಟಿಗೆ ಆ ಜಾಗಕ್ಕೆ ಒಬ್ಬ 'ಬದ್ಲಿ'. ಯಾರು ಒಳಗೆ, ಯಾರು ಹೊರಗೆ ಅನ್ನೋದು ಜಾಬರನ ಒಂದು ಬೆರಳಿನ ಸನ್ನೆ. ಆ ಸನ್ನೆಗೆ ಬೆಲೆ ಇತ್ತು. ಕೆಲಸಕ್ಕೆ ಸೇರುವಾಗ 'ದಸ್ತೂರಿ' ಅಂತ ಲಂಚ, ಉಳಿಸಿಕೊಳ್ಳಲು ಆಗಾಗ ಕಾಣಿಕೆ. ಊರಿನಿಂದ ಬಂದವನಿಗೆ ಚಾಳಿನಲ್ಲಿ ಮಲಗೋಕೆ ಜಾಗ ತೋರಿಸುತ್ತಿದ್ದವನು ಜಾಬರ್. ಮದುವೆಗೆ, ಕಾಯಿಲೆಗೆ ಸಾಲ ಕೊಡುತ್ತಿದ್ದವನು, ಇಲ್ಲವೇ ಸಾಹುಕಾರನಿಗೆ ಜಾಮೀನು ನಿಲ್ಲುತ್ತಿದ್ದವನು ಜಾಬರ್. ನೇಮಕಾತಿ, ತರಬೇತಿ, ಶಿಸ್ತು, ವಸತಿ, ಸಾಲ, ವಜಾ: ಒಂದೇ ಮೀಸೆಯಡಿ ಇಡೀ ಎಚ್‌ಆರ್ ಡಿಪಾರ್ಟ್‌ಮೆಂಟು!

ಆದರೆ ಅವನನ್ನು ಬರೀ ಖಳನಾಯಕ ಅಂದುಬಿಟ್ಟರೆ ಕತೆ ಅರ್ಧ ಆಗುತ್ತೆ. ಜಾಬರನ ಬಲ ಇದ್ದದ್ದು ಅವನ ಹಿಂದಿದ್ದ ಜನರಲ್ಲಿ. ಅವರು ಅವನ ಊರಿನವರು, ಜಾತಿಯವರು, ನೆಂಟರು. ಅತಿಯಾಗಿ ಹಿಂಡಿದರೆ ಅವರು ಪಕ್ಕದ ಜಾಬರನ ಹತ್ತಿರ ಹೋಗುತ್ತಿದ್ದರು. ಮಾಲೀಕ ಕೂಲಿ ಕಡಿಮೆ ಮಾಡಿದಾಗ ಎಷ್ಟೋ ಸಲ ಜಾಬರನೇ ಮುಂದೆ ನಿಂತು ತನ್ನ ಜನರನ್ನು ಹೊರಗೆ ಕರೆದುಕೊಂಡು ಹೋಗಿದ್ದೂ ಇದೆ. ಅಂದರೆ ಅವನೂ ಎರಡು ದೋಣಿಯಲ್ಲಿ ಕಾಲಿಟ್ಟವನೇ. ಒಂದೇ ವ್ಯತ್ಯಾಸ ಅಂದರೆ, ಅವನು ಯಾರ ಕಡೆ ಅಂತ ಅವತ್ತಿನ ಪರಿಸ್ಥಿತಿ ನೋಡಿ ಹೇಳಬಹುದಿತ್ತು.

ಇನ್ನು ನಮ್ಮ ಕಡೆ ಬನ್ನಿ. ಕಾಫಿ ತೋಟದ ಮೇಸ್ತ್ರಿಗೆ ತೋಟದ ದೊರೆ ಮುಂಗಡ ಹಣ ಕೊಡುತ್ತಿದ್ದ. ಮೇಸ್ತ್ರಿ ಅದನ್ನು ತಗೊಂಡು ಘಟ್ಟದ ಕೆಳಗಿನ ತುಳುನಾಡಿಗೋ, ಬಯಲುಸೀಮೆಯ ಹಳ್ಳಿಗೋ ಹೋಗಿ, ಮನೆಮನೆಗೆ ಸ್ವಲ್ಪ ಸ್ವಲ್ಪ ಹಂಚಿ, ಆಳುಗಳನ್ನು ಕರೆತರುತ್ತಿದ್ದ. ತಂದ ತಲೆಗಳ ಕೆಲಸದ ಮೇಲೆ ಅವನಿಗೆ ಕಮಿಷನ್. ಮುಂಗಡ ತಗೊಂಡು ಕೆಲಸ ಮಾಡದೆ ಹೋದರೆ ಏನಾಗುತ್ತಿತ್ತು? ಅದು ಸಿವಿಲ್ ವ್ಯಾಜ್ಯ ಆಗಿರಲಿಲ್ಲ. 1859ರ ಕರಾರು ಭಂಗ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ಅವನನ್ನು ಮತ್ತೆ ಕೆಲಸಕ್ಕೆ ಕಳಿಸಬಹುದಿತ್ತು, ಒಪ್ಪದಿದ್ದರೆ ಜೈಲಿಗೆ ಹಾಕಬಹುದಿತ್ತು. ಈ ಕಾನೂನು 1920ರ ದಶಕದ ನಡುವಿನವರೆಗೂ ಪುಸ್ತಕದಲ್ಲಿತ್ತು. ಜಾಯಿನಿಂಗ್ ಬೋನಸ್ ಕೊಟ್ಟು, ಎರಡು ವರ್ಷದೊಳಗೆ ಬಿಟ್ಟರೆ ಪೂರ್ತಿ ವಾಪಸ್ ಕೊಡಬೇಕು ಅನ್ನೋ ಷರತ್ತಿಗೆ ಸಹಿ ಹಾಕಿದವರು ಈ ಸಾಲನ್ನು ಇನ್ನೊಮ್ಮೆ ಓದಬಹುದು. ಜೈಲು ಹೋಗಿದೆ, ಮುಂಗಡ ಉಳಿದಿದೆ.

ಕೋಲಾರದ ಚಿನ್ನದ ಗಣಿಯದು ಇನ್ನೂ ಸ್ವಾರಸ್ಯದ ಕತೆ. 1880ರ ದಶಕದಿಂದ ಜಾನ್ ಟೇಲರ್ ಅಂಡ್ ಸನ್ಸ್ ಅಲ್ಲಿ ಗಣಿಗಾರಿಕೆ ನಡೆಸುತ್ತಿತ್ತು. ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ತಮಿಳು, ತೆಲುಗು ಮಾತಾಡುವ ದಲಿತರು. ಇಲ್ಲೂ ದೊಡ್ಡ ಪಾಲು ನೇಮಕಾತಿ ಗುತ್ತಿಗೆದಾರರ ಕೈಯಲ್ಲಿತ್ತು. ನೆಲದಡಿ ಸಾವಿರಾರು ಅಡಿ ಇಳಿದವನ ಹೆಸರು ಕಂಪನಿಗೆ ಸರಿಯಾಗಿ ಗೊತ್ತಿರುತ್ತಿರಲಿಲ್ಲ, ಗುತ್ತಿಗೆದಾರನಿಗೆ ಗೊತ್ತಿದ್ದರೆ ಸಾಕಿತ್ತು. ಕೆಲಸಗಾರನಿಗೂ ಇದರಿಂದ ಒಂದು ಅನುಕೂಲ ಇತ್ತು. ಒಂದು ಗಣಿಯಲ್ಲಿ ಜಗಳ ಆದರೆ ಪಕ್ಕದ ಗಣಿಗೆ ಹೋಗಿ ಬೇರೆ ಹೆಸರು ಹೇಳಿ ಸೇರಿಕೊಳ್ಳಬಹುದಿತ್ತು.

1930ರಲ್ಲಿ ಗಣಿ ಕಂಪನಿಗಳು ಇದಕ್ಕೆ ಕೊನೆ ಹಾಡೋಕೆ ಹೊರಟವು. ಪ್ರತಿ ಕೆಲಸಗಾರನ ಹೆಸರು ನೋಂದಾಯಿಸಬೇಕು, ಬೆರಳಚ್ಚು ತಗೋಬೇಕು ಅನ್ನೋ ತೀರ್ಮಾನ ಆಯಿತು. ಆಧುನಿಕ ಪರ್ಸನಲ್ ಮ್ಯಾನೇಜ್‌ಮೆಂಟಿನ ಕಣ್ಣಲ್ಲಿ ನೋಡಿದರೆ ಇದು ಒಳ್ಳೆಯ ಹೆಜ್ಜೆಯೇ. ಗುತ್ತಿಗೆದಾರನನ್ನು ದಾಟಿ ಕಂಪನಿ ನೇರವಾಗಿ ತನ್ನ ಕೆಲಸಗಾರನನ್ನು ಗುರುತಿಸುತ್ತೆ ಅಂತ ಅರ್ಥ. ಆದರೆ ಕೆಲಸಗಾರರು ಅದನ್ನು ಹಾಗೆ ನೋಡಲಿಲ್ಲ. ಬೆರಳಚ್ಚು ಅಂದರೆ ಪೊಲೀಸು, ಕಳ್ಳ, ಜೈಲು. 1897ರಲ್ಲಿ ಕಲ್ಕತ್ತಾದಲ್ಲಿ ಶುರುವಾದ ಬೆರಳಚ್ಚು ಕಚೇರಿ ಇದ್ದದ್ದು ಅಪರಾಧಿಗಳಿಗಾಗಿ ತಾನೇ? ಗಣಿ ಕೆಲಸಗಾರರು ಕೆಳಗಿಳಿಯೋದನ್ನೇ ನಿಲ್ಲಿಸಿಬಿಟ್ಟರು. ಆಗ ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಮುಂದಾಳತ್ವ ವಹಿಸೋಕೆ ಹೆಸರಾಂತ ನಾಯಕರೂ ಇರಲಿಲ್ಲ. ಆದರೂ ಸಾವಿರಾರು ಜನರ ಮುಷ್ಕರ ಸುಮಾರು ಮೂರು ವಾರ ನಡೆಯಿತು. ದಿನಾ ಬೆಳಗ್ಗೆ ಬಯೋಮೆಟ್ರಿಕ್ ಯಂತ್ರಕ್ಕೆ ಬೆರಳು ಒತ್ತಿ, ಅದು ಬೀಪ್ ಅನ್ನದಿದ್ದರೆ ಗಾಬರಿಯಾಗುವ ನಮಗೆ ಆ ಸಿಟ್ಟು ಅರ್ಥ ಆಗೋದು ಸ್ವಲ್ಪ ಕಷ್ಟ.

ಮುಂಬಯಿಯಲ್ಲಿ ಅಷ್ಟರಲ್ಲಿ ವಿಷಯ ಕೈಮೀರಿತ್ತು. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಸುಮಾರು ಆರು ತಿಂಗಳು ಇಡೀ ಗಿರಣಿ ಪ್ರದೇಶ ಬಂದ್ ಆಗಿತ್ತು. ಲಕ್ಷಕ್ಕೂ ಹೆಚ್ಚು ಕೆಲಸಗಾರರು ಹೊರಗೆ. ಕೆಂಬಾವುಟದ ಗಿರಣಿ ಕಾಮಗಾರ್ ಯೂನಿಯನ್ ಹುಟ್ಟಿದ್ದು ಈ ಮುಷ್ಕರದಲ್ಲೇ. ಜಾಬರ್ ಅನ್ನೋ ಏಣಿಯನ್ನು ನಂಬಿ ಕೂತಿದ್ದ ಮಾಲೀಕರಿಗೆ, ಸರ್ಕಾರಕ್ಕೆ, ಆ ಏಣಿ ತಮ್ಮನ್ನು ಕೆಳಗಿನವರ ಹತ್ತಿರ ಕರೆದುಕೊಂಡು ಹೋಗೋದಿಲ್ಲ ಅಂತ ಗೊತ್ತಾಯಿತು. ಮರುವರ್ಷವೇ ಬ್ರಿಟಿಷ್ ಸರ್ಕಾರ ಭಾರತದ ಕಾರ್ಮಿಕರ ಕುರಿತ ರಾಯಲ್ ಕಮಿಷನ್ ನೇಮಿಸಿತು. ಅಧ್ಯಕ್ಷರು ಜಾನ್ ಹೆನ್ರಿ ವಿಟ್ಲಿ, ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನ ಮಾಜಿ ಸ್ಪೀಕರ್. ಸದಸ್ಯರಲ್ಲಿ ಜಿ.ಡಿ. ಬಿರ್ಲಾ ಇದ್ದರು, ಕಾರ್ಮಿಕ ನಾಯಕ ಎನ್.ಎಂ. ಜೋಶಿಯೂ ಇದ್ದರು.

1931ರಲ್ಲಿ ಬಂದ ಆ ವರದಿಯಲ್ಲಿ ನಮ್ಮ ಎಚ್‌ಆರ್‌ನ ಜಾತಕ ಇದೆ. ಸಾಕಷ್ಟು ದೊಡ್ಡದಾದ ಕಾರ್ಖಾನೆಗಳಲ್ಲಿ ಒಬ್ಬ 'ಲೇಬರ್ ಆಫೀಸರ್' ಇರಬೇಕು ಅಂತ ಆಯೋಗ ಹೇಳಿತು. ಅವನು ಜನರಲ್ ಮ್ಯಾನೇಜರ್ ಒಬ್ಬನನ್ನು ಬಿಟ್ಟು ಇನ್ಯಾರಿಗೂ ಅಧೀನ ಆಗಿರಬಾರದು. ಜಾಬರನ ಕೈಯಿಂದ ನೇಮಕಾತಿ, ವಜಾ ಎರಡನ್ನೂ ತೆಗೆದು ಅವನ ಕೈಗೆ ಕೊಡಬೇಕು. ಹೆಂಗಸರು ಹೆಚ್ಚಿರುವ ಕಡೆ ಅವರನ್ನು ನೋಡಿಕೊಳ್ಳೋಕೆ ಓದಿದ ಹೆಂಗಸೊಬ್ಬಳು ಇರಬೇಕು. ಲೇಬರ್ ಆಫೀಸರಿಗೆ ಏನು ಗುಣ ಬೇಕು ಅಂತಲೂ ಪಟ್ಟಿ ಕೊಟ್ಟರು: ಪ್ರಾಮಾಣಿಕತೆ, ವ್ಯಕ್ತಿತ್ವ, ಚುರುಕು, ಮನುಷ್ಯರನ್ನು ಅರ್ಥ ಮಾಡಿಕೊಳ್ಳೋ ಶಕ್ತಿ, ಮತ್ತು ಜನರ ಭಾಷೆಯಲ್ಲಿ ಮಾತಾಡೋ ಸಾಮರ್ಥ್ಯ. ಇಂಥವನು ಸಿಕ್ಕರೆ ಕೆಲಸಗಾರರು ಅವನನ್ನು ಬೇಗ ತಮ್ಮ ಸ್ನೇಹಿತ ಅಂತ ನಂಬುತ್ತಾರೆ ಅನ್ನೋದು ಆಯೋಗದ ಭರವಸೆ.

ನನಗೆ ಈ ಭಾಗ ಓದಿದಾಗಲೆಲ್ಲ ಒಂದು ಸಂಶಯ ಬರುತ್ತೆ. ಸ್ನೇಹಿತ ಸರಿ. ಆದರೆ ಸಂಬಳ ಕೊಡೋರು ಯಾರು? ಜನರಲ್ ಮ್ಯಾನೇಜರ್! ಕೆಲಸ ಕೊಡೋ, ಕೆಲಸದಿಂದ ತೆಗೆಯೋ ಅಧಿಕಾರ ಇರೋ ಮನುಷ್ಯನ ಹತ್ತಿರ ಯಾರು ಹೋಗಿ ಮನಸ್ಸು ಬಿಚ್ಚಿ ಮಾತಾಡ್ತಾರೆ? ಬಿರ್ಲಾ, ಜೋಶಿ ಇಬ್ಬರೂ ಸಹಿ ಹಾಕಬಲ್ಲ ಒಂದು ಹುದ್ದೆ ಸೃಷ್ಟಿಸಬೇಕಾದರೆ ಇಂಥ ರಾಜಿ ಬೇಕೇನೋ.

ಬ್ರಿಟನ್ನಿನಲ್ಲಿ ಈ ವೃತ್ತಿ ಹುಟ್ಟಿದ ರೀತಿ ಬೇರೆ. ಯಾರ್ಕ್ ನಗರದ ರೌನ್‌ಟ್ರೀ ಚಾಕಲೇಟ್ ಕಾರ್ಖಾನೆ 1896ರಲ್ಲಿ ಮೇರಿ ವುಡ್ ಅನ್ನುವವರನ್ನು ಅಲ್ಲಿನ ಹುಡುಗಿಯರ ಯೋಗಕ್ಷೇಮ ನೋಡಿಕೊಳ್ಳಲು ನೇಮಿಸಿತು. ಅಂಥವರೆಲ್ಲ ಸೇರಿ 1913ರಲ್ಲಿ ಅದೇ ಊರಿನಲ್ಲಿ ಒಂದು ಸಂಘ ಕಟ್ಟಿದರು. ಇವತ್ತು ಬ್ರಿಟನ್ನಿನ ಎಚ್‌ಆರ್ ವೃತ್ತಿಪರರ ದೊಡ್ಡ ಸಂಸ್ಥೆ ಬೆಳೆದು ಬಂದದ್ದು ಅದರಿಂದಲೇ. ಅಮೆರಿಕದಲ್ಲಿ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ 1901ರ ಜಗಳದ ನಂತರ ದೂರು, ವಜಾ ನೋಡಿಕೊಳ್ಳಲು ಪ್ರತ್ಯೇಕ ವಿಭಾಗ ತೆರೆಯಿತು. ಅಲ್ಲೊಂದು ಕಡೆ ದಾನಬುದ್ಧಿ, ಇನ್ನೊಂದು ಕಡೆ ಮುಷ್ಕರದ ಭಯ. ನಮ್ಮಲ್ಲಿ ಈ ಎರಡರ ಜೊತೆಗೆ ಮೂರನೆಯದು ಸೇರಿಕೊಂಡಿತು, ಮಧ್ಯವರ್ತಿಯ ಲಂಚ.

ವರದಿ ಬಂದ ತಕ್ಷಣ ಜಾಬರ್ ಮಾಯವಾದ ಅಂದುಕೊಳ್ಳಬೇಡಿ. ಮುಂಬಯಿ ಗಿರಣಿ ಮಾಲೀಕರ ಸಂಘ 1935ರಲ್ಲಿ ಬದ್ಲಿಗಳಿಗೆ ಕಾರ್ಡ್ ಕೊಟ್ಟು, ಗೇಟಿನ ಮುಂದಿನ ಬೆರಳ ಸನ್ನೆಯನ್ನು ನಿಯಂತ್ರಿಸೋ ಪ್ರಯತ್ನ ಮಾಡಿತು. 1937ರ ದೊಡ್ಡ ಸೆಣಬು ಮುಷ್ಕರದ ನಂತರ ಕಲ್ಕತ್ತಾದ ಗಿರಣಿಗಳಿಗೂ ಲೇಬರ್ ಆಫೀಸರುಗಳು ಬಂದರು. ಆದರೆ ಯೂನಿಯನ್ನುಗಳಿಗೆ ಈ ಹೊಸಬರ ಮೇಲೆ ನಂಬಿಕೆ ಬರಲಿಲ್ಲ. ಕೆಲಸಗಾರರ ದೂರು ಕೇಳೋಕೆ ಬಂದವನು ಯೂನಿಯನ್ನಿನ ಜಾಗಕ್ಕೇ ಬಂದಿದ್ದಾನೆ ಅನ್ನೋದು ಅವರ ಅನುಮಾನ. ಪೂರ್ತಿ ತಪ್ಪು ಅನುಮಾನ ಅಂತ ಹೇಳೋಕಾಗಲ್ಲ.

ಈ ಹುದ್ದೆಗೆ ಜನರನ್ನು ತಯಾರು ಮಾಡೋರು ಯಾರು? 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಗ್ರಾಜುಯೇಟ್ ಸ್ಕೂಲ್ ಆಫ್ ಸೋಷಿಯಲ್ ವರ್ಕ್ ಶುರುವಾಯಿತು. ಮೊದಲ ನಿರ್ದೇಶಕರು ಕ್ಲಿಫರ್ಡ್ ಮ್ಯಾನ್‌ಶಾರ್ಟ್, ನಾಗಪಾಡಾದ ಬಡವರ ನಡುವೆ ಕೆಲಸ ಮಾಡಿದ್ದ ಅಮೆರಿಕನ್ ಮಿಷನರಿ. ಅದೇ ಇವತ್ತಿನ ಟಿಸ್. 1949ರಲ್ಲಿ ಜಮ್‌ಶೆಡ್‌ಪುರದಲ್ಲಿ ಜೆಸ್ಯೂಟ್ ಪಾದ್ರಿಗಳು ಇನ್ನೊಂದು ಸಂಸ್ಥೆ ತೆರೆದರು. ಎಕ್ಸ್‌ಎಲ್‌ಆರ್‌ಐ ಅಂದರೆ ಎಲ್ಲರಿಗೂ ಗೊತ್ತು, ಆದರೆ ಆ 'ಎಲ್' ಅಂದರೆ ಲೇಬರ್, 'ಆರ್' ಅಂದರೆ ರಿಲೇಶನ್ಸ್ ಅನ್ನೋದು ಅಲ್ಲಿಗೆ ಸೀಟು ಬೇಕು ಅಂತ ವರ್ಷಗಟ್ಟಲೆ ಓದಿದವರಿಗೂ ಕೆಲವೊಮ್ಮೆ ಹೊಳೆದಿರಲ್ಲ. ಮೊದಮೊದಲು ಅಲ್ಲಿ ಮ್ಯಾನೇಜರುಗಳ ಜೊತೆ ಯೂನಿಯನ್ನಿನವರಿಗೂ ಪಾಠ ನಡೀತಿತ್ತು. ಅಂದರೆ ನಮ್ಮ ದೇಶದ ಎಚ್‌ಆರ್ ಶಿಕ್ಷಣದ ಬೇರು ಇರೋದು ಸಮಾಜಕಾರ್ಯದಲ್ಲಿ. ಬಿಸಿನೆಸ್ ಸ್ಕೂಲು ಆಮೇಲೆ ಬಂತು.

ಸ್ವಾತಂತ್ರ್ಯ ಬಂದ ಮರುವರ್ಷ ಈ ಹುದ್ದೆ ಕಾನೂನಾಯಿತು. 1948ರ ಕಾರ್ಖಾನೆಗಳ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ, 500 ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿ ಕಾರ್ಖಾನೆಗೂ ವೆಲ್‌ಫೇರ್ ಆಫೀಸರ್ ಕಡ್ಡಾಯವಾಯಿತು. 1951ರ ಪ್ಲಾಂಟೇಶನ್ ಕಾಯ್ದೆಯಲ್ಲಿ 300 ಕೆಲಸಗಾರರಿರುವ ತೋಟಕ್ಕೂ ಇದೇ ನಿಯಮ ಬಂತು, ಮೇಸ್ತ್ರಿಯ ಸ್ವಂತ ಸಾಮ್ರಾಜ್ಯಕ್ಕೇ. ರಾಜ್ಯಗಳು ಇದಕ್ಕೆ ಮಾಡಿಕೊಂಡ ನಿಯಮಗಳನ್ನು ಓದಿದರೆ ಅದನ್ನು ಬರೆದವರ ಆತಂಕ ಕಾಣುತ್ತೆ. ಪದವಿ ಇರಬೇಕು, ಸಮಾಜಕಾರ್ಯದಲ್ಲಿ ತರಬೇತಿ ಇರಬೇಕು, ಆ ಜಾಗದ ಬಹುಪಾಲು ಕೆಲಸಗಾರರ ಭಾಷೆ ಬರಬೇಕು. (ಬೆಂಗಳೂರಿನಲ್ಲಿ ಕೂತು ಇದನ್ನು ಓದುವಾಗ ನಗು ಬಂದರೆ ತಪ್ಪಲ್ಲ.) ಅದಕ್ಕಿಂತ ಮುಖ್ಯ, ಕೆಲಸಗಾರರ ಮೇಲಿನ ಶಿಸ್ತುಕ್ರಮಗಳಲ್ಲಿ ಈ ಅಧಿಕಾರಿ ಕೈ ಹಾಕಬಾರದು, ಮ್ಯಾನೇಜ್‌ಮೆಂಟಿನ ಪರವಾಗಿ ಕೆಲಸಗಾರನ ವಿರುದ್ಧ ನಿಲ್ಲಬಾರದು. ಹಲವು ರಾಜ್ಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ ಅಂತ ಬರೆದರು.

ಇವತ್ತಿನ ಕಣ್ಣಿಗೆ ಇದು ಅದ್ಭುತ ಅನ್ನಿಸುತ್ತೆ. ಕಂಪನಿ ಸಂಬಳ ಕೊಡಬೇಕು, ಆದರೆ ಅವನು ಕಂಪನಿಯ ಪರ ಮಾತಾಡಬಾರದು, ಕಂಪನಿ ಅವನನ್ನು ಸುಲಭವಾಗಿ ಓಡಿಸಲೂ ಬಾರದು. 1931ರ 'ಸ್ನೇಹಿತ'ನಿಗೆ 1948ರ ನಂತರ ಒಂದು ಕವಚ ಸಿಕ್ಕಿತು. ಕಾಗದದ ಕವಚ. ಯಾಕಂದ್ರೆ ನಿಜವಾದ ಕಾರ್ಖಾನೆಗಳಲ್ಲಿ ಏನಾಯಿತು ಗೊತ್ತಾ? ಎಷ್ಟೋ ಕಡೆ ಒಬ್ಬನೇ ಮನುಷ್ಯನಿಗೆ ಎರಡು ಟೋಪಿ. ಇನ್‌ಸ್ಪೆಕ್ಟರ್ ಬಂದಾಗ ವೆಲ್‌ಫೇರ್ ಆಫೀಸರ್, ಉಳಿದ ದಿನ ಪರ್ಸನಲ್ ಆಫೀಸರ್. ಬೆಳಗ್ಗೆ ಕ್ಯಾಂಟೀನಿನ ಸಾಂಬಾರ್ ರುಚಿ ನೋಡಿ, ಮಧ್ಯಾಹ್ನ ಚಾರ್ಜ್‌ಶೀಟಿಗೆ ಟೈಪ್ ಹೊಡೆಸೋದು. ದೊಡ್ಡ ಕಂಪನಿಗಳು ಎರಡು ಹುದ್ದೆಗಳನ್ನು ಬೇರೆ ಮಾಡಿದವು. ಹಾಗೆ ಬೇರೆ ಮಾಡಿದ ಕಡೆ ಅಧಿಕಾರ ಯಾವ ಹುದ್ದೆಗೆ ಹೋಯಿತು, ಕ್ಯಾಂಟೀನು ಯಾವುದಕ್ಕೆ ಉಳಿಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನ ಹಳೆ ತಲೆಮಾರು ನೋಡಿದ್ದು ಈ ಪರ್ಸನಲ್ ಡಿಪಾರ್ಟ್‌ಮೆಂಟಿನ ಕಾಲ. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್, ಬಿಇಎಂಎಲ್. ಕಾಲೋನಿ, ಶಾಲೆ, ಆಸ್ಪತ್ರೆ, ಶಿಫ್ಟ್ ಬಸ್ಸು. ಕೆಲಸ ಸಿಗುತ್ತಿದ್ದದ್ದು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಮೂಲಕ. ಎರಡನೇ ಮಹಾಯುದ್ಧದಿಂದ ವಾಪಸಾದ ಸೈನಿಕರಿಗೆ ಕೆಲಸ ಹುಡುಕಿಕೊಡಲು 1945ರಲ್ಲಿ ಹುಟ್ಟಿದ ವ್ಯವಸ್ಥೆ ಅದು. 1959ರ ಕಾಯ್ದೆಯ ಮೇಲೆ ಖಾಲಿ ಹುದ್ದೆಗಳನ್ನು ಅಲ್ಲಿಗೆ ತಿಳಿಸೋದು ಕಡ್ಡಾಯವಾಯಿತು. ಜಾಬರನ ಬೆರಳ ಬದಲು ಸರ್ಕಾರಿ ಕಾರ್ಡು, ರಿನ್ಯೂವಲ್ಲಿನ ಕ್ಯೂ. ನಿಮ್ಮ ಅಪ್ಪನ ಹಳೇ ಫೈಲಿನಲ್ಲಿ ಆ ಕಾರ್ಡು ಇನ್ನೂ ಇರಬಹುದು.

ಆದರೂ ಯಾರನ್ನು ತಗೋತೀರಿ ಅನ್ನೋ ಪ್ರಶ್ನೆ ಹೋಗಲಿಲ್ಲ. ಇಲ್ಲಿನ ನೆಲದ ಮೇಲೆ ಕಟ್ಟಿದ ಕಾರ್ಖಾನೆಯಲ್ಲಿ ಇಲ್ಲಿನವರೆಷ್ಟು ಜನ ಅನ್ನೋ ಜಗಳ ಬೆಳೆದು, ರಾಜ್ಯ ಸರ್ಕಾರ 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ನೇಮಿಸಿತು. ಕನ್ನಡಿಗರ ಮಟ್ಟಿಗೆ ನೇಮಕಾತಿ ಅನ್ನೋದು ರಾಜಕೀಯದ ವಿಷಯ ಆಗಿದ್ದು ಆಗ. ಅದಕ್ಕೂ ಮೊದಲು 1980ರ ಡಿಸೆಂಬರಿನಿಂದ 77 ದಿನ ಇದೇ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ನಡೆದಿತ್ತು. ಬಿಎಚ್‌ಇಎಲ್‌ನವರಿಗೆ ಸಮನಾದ ವೇತನ ಕೊಡಿ ಅನ್ನೋದು ಬೇಡಿಕೆ. ಮುಷ್ಕರ ಸೋತಿತು, ಆ ಸೋಲಿನ ಮೇಲೆ ಬೆಂಗಳೂರಿನ ಯೂನಿಯನ್ನುಗಳ ದನಿ ಮೊದಲಿನಂತೆ ಏಳಲಿಲ್ಲ. ಇನ್ಫೋಸಿಸ್ ಪುಣೆಯಿಂದ ಬೆಂಗಳೂರಿಗೆ ಬಂದದ್ದು 1983ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದದ್ದು 1985ರಲ್ಲಿ. ಕಾರಣ-ಪರಿಣಾಮ ಅಂತ ಗಂಟು ಹಾಕ್ತಾ ಇಲ್ಲ, ಕ್ಯಾಲೆಂಡರ್ ಮಾತ್ರ ತೋರಿಸ್ತಾ ಇದೀನಿ.

ಈ ನಡುವೆ ಹೆಸರೂ ಬದಲಾಯಿತು. ಪೀಟರ್ ಡ್ರಕರ್ 1954ರ ಪುಸ್ತಕದಲ್ಲೇ ಕೆಲಸಗಾರರನ್ನು ಮಾನವ ಸಂಪನ್ಮೂಲ ಅಂತ ಕರೆದಿದ್ದರು. ನಮ್ಮಲ್ಲಿ 1970ರ ದಶಕದ ನಡುವೆ ಅಹಮದಾಬಾದ್ ಐಐಎಂನ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಅವರು ಎಲ್ ಅಂಡ್ ಟಿ ಕಂಪನಿಗೆ ಸಲಹೆ ಕೊಟ್ಟು, ಎಚ್‌ಆರ್‌ಡಿ ಅನ್ನೋ ಪ್ರತ್ಯೇಕ ವಿಭಾಗ ಹುಟ್ಟಿತು. ಆ ಪದ ಎಷ್ಟು ಫ್ಯಾಶನ್ ಆಯಿತು ಅಂದರೆ, 1985ರಲ್ಲಿ ರಾಜೀವ್ ಗಾಂಧಿ ಸರ್ಕಾರ ಶಿಕ್ಷಣ ಇಲಾಖೆಗೇ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ ಅಂತ ಹೆಸರಿಟ್ಟಿತು. 2020ರಲ್ಲಿ ಅದು ಮತ್ತೆ ಶಿಕ್ಷಣ ಸಚಿವಾಲಯ ಆಯಿತು. ನನಗಂತೂ 'ಮಾನವ ಸಂಪನ್ಮೂಲ' ಅಂದಾಗ ಕಬ್ಬಿಣದ ಅದಿರು, ಕಲ್ಲಿದ್ದಲು ನೆನಪಾಗುತ್ತೆ, ಅಗೆದು ತೆಗೆಯೋ ವಸ್ತು ಥರ. ಅದಕ್ಕಿಂತ ನಮ್ಮ 'ಸಿಬ್ಬಂದಿ' ವಾಸಿ. ಅದೂ ಪರ್ಷಿಯನ್ನಿನಿಂದ ಬಂದ ಪದ, ಹಿಂದೆ ಕಂದಾಯ ವಸೂಲಿಗೆ ಇಟ್ಟುಕೊಳ್ಳುತ್ತಿದ್ದ ಬಾಡಿಗೆ ಸೈನಿಕರಿಗೆ ಹೇಳುತ್ತಿದ್ದದ್ದು. ಕನಿಷ್ಠ ಮನುಷ್ಯರು ಅಂತಾದರೂ ಇದೆ.

ಹೆಸರಿನ ಜೊತೆ ಕೆಲಸದ ತೂಕವೂ ವಾಲಿತು. ಪರ್ಸನಲ್ ಆಫೀಸರ್ ದಿನದ ಹೆಚ್ಚಿನ ಹೊತ್ತು ಯೂನಿಯನ್ ಜೊತೆ ಕಳೆಯುತ್ತಿದ್ದ. ಐಟಿ ಕಾಲದ ಎಚ್‌ಆರ್ ಹೆಚ್ಚಿನ ಹೊತ್ತು ಜನ ಹುಡುಕೋದರಲ್ಲಿ ಕಳೆಯಬೇಕಾಯಿತು. ಯೂನಿಯನ್ ಇಲ್ಲ, ಬದಲಿಗೆ ಕ್ಯಾಂಪಸ್ಸು, ನೌಕರಿ ಡಾಟ್ ಕಾಮ್, ಲಿಂಕ್ಡ್‌ಇನ್. ಈ ಬದಲಾವಣೆಯಲ್ಲಿ ಸದ್ದಿಲ್ಲದೆ ನಮ್ಮ ಹಳೆ ಪರಿಚಯದವನು ಒಳಗೆ ಬಂದ. ಗೆಳೆಯನನ್ನು ರೆಫರ್ ಮಾಡಿದರೆ ನಿಮ್ಮ ಖಾತೆಗೆ ದುಡ್ಡು ಬೀಳುತ್ತಲ್ಲ, ಅದು ಜಾಬರನ ವಿದ್ಯೆ. ಊರಿನವನೇ ಊರಿನವನನ್ನು ಕರೆತರಬೇಕು, ಆಗ ಬಂದವನು ಓಡಿಹೋಗೋದಿಲ್ಲ. ತಲೆಗಿಷ್ಟು ಅಂತ ಕಮಿಷನ್ ಪಡೆಯೋ ಕನ್ಸಲ್ಟೆನ್ಸಿ ಮೇಸ್ತ್ರಿಯ ಮೊಮ್ಮಗ. ಕೆಲಸ ಒಂದು ಕಂಪನಿಯಲ್ಲಿ, ಸಂಬಳದ ಚೀಟಿ ಇನ್ನೊಂದು ಕಂಪನಿಯಿಂದ ಬರೋ ಥರ್ಡ್ ಪಾರ್ಟಿ ಪೇರೋಲ್ ಅಂತೂ ಕೆಜಿಎಫ್‌ನ ಗುತ್ತಿಗೆದಾರನೇ ಸೈ.

ಕಾನೂನಿನ ಕವಚ ಈ ಆಫೀಸುಗಳಿಗೆ ಬರಲೇ ಇಲ್ಲ. ಸಾಫ್ಟ್‌ವೇರ್ ಬರೆಯೋ ಜಾಗ ಕಾರ್ಖಾನೆ ಅಲ್ಲ, ಹಾಗಾಗಿ ಹತ್ತು ಸಾವಿರ ಜನ ಇರೋ ಕ್ಯಾಂಪಸ್ಸಿಗೂ 49ನೇ ಸೆಕ್ಷನ್ನಿನ ವೆಲ್‌ಫೇರ್ ಆಫೀಸರ್ ಬೇಕಿರಲಿಲ್ಲ. ಕೆಲಸದ ಷರತ್ತುಗಳನ್ನು ಬರೆದು ಸರ್ಕಾರದಿಂದ ಒಪ್ಪಿಗೆ ಪಡೆಯಬೇಕು ಅನ್ನೋ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯಿಂದಲೂ ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ 2014ರಲ್ಲಿ ಐದು ವರ್ಷ ವಿನಾಯಿತಿ ಕೊಟ್ಟಿತು, 2019ರಲ್ಲಿ ಇನ್ನೈದು ವರ್ಷ, 2024ರಲ್ಲಿ ಮತ್ತೆ. ಬದಲಿಗೆ ದೂರು ಕೇಳೋ ಸಮಿತಿ ಇರಬೇಕು, ಅದರಲ್ಲಿ ಕಂಪನಿಯವರು, ನೌಕರರು ಸಮ ಸಂಖ್ಯೆಯಲ್ಲಿರಬೇಕು ಅನ್ನೋದು ಷರತ್ತುಗಳಲ್ಲೊಂದು. ನಿಮ್ಮ ಆಫೀಸಿನ ಸಮಿತಿಯಲ್ಲಿ ನೌಕರರ ಕಡೆಯಿಂದ ಯಾರಿದ್ದಾರೆ ಅಂತ ಗೊತ್ತಾ? 2017ರಲ್ಲಿ ಹುಟ್ಟಿದ ಐಟಿ ನೌಕರರ ಸಂಘ ಕೇಳಿಕೊಂಡು ಬಂದಿರುವ ಪ್ರಶ್ನೆಗಳಲ್ಲಿ ಈ ವಿನಾಯಿತಿಯೂ ಒಂದು.

ಕಾರ್ಖಾನೆಗಳ ಕಡೆ ಎಲ್ಲ ಸರಿ ಇತ್ತಾ ಅಂದರೆ, 2020ರ ಡಿಸೆಂಬರ್ 12ರ ಬೆಳಗ್ಗೆಯನ್ನು ನೆನಪಿಸಿಕೊಳ್ಳಬೇಕು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ. ರಾತ್ರಿ ಪಾಳಿ ಮುಗಿಸಿದ ಕೆಲಸಗಾರರು ಗಾಜು ಒಡೆದರು, ಗಾಡಿಗಳನ್ನು ಮಗುಚಿದರು. ಟೀವಿಯಲ್ಲಿ ನಾವೆಲ್ಲ ನೋಡಿದ್ದು ಅಷ್ಟನ್ನೇ. ಒಳಗಿನ ಕತೆ ಆಮೇಲೆ ರಾಜ್ಯ ಸರ್ಕಾರದ ಕಾರ್ಖಾನೆ ಇಲಾಖೆಯ ವರದಿಯಲ್ಲಿ ಬಂತು. ಕೆಲವೇ ತಿಂಗಳಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು. ಅವರಲ್ಲಿ ಬಹುಪಾಲು ಜನ ಹಲವು ಸ್ಟಾಫಿಂಗ್ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಕೆಲಸಗಾರರು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಯದಾಗಿತ್ತು, ಸಂಬಳದ ಲೆಕ್ಕ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹಾಜರಾತಿ ಯಂತ್ರ ಕೆಟ್ಟು, ಮಾಡಿದ ಕೆಲಸ ದಾಖಲೆಯಲ್ಲಿ ಬೀಳುತ್ತಿರಲಿಲ್ಲ. ಮತ್ತು ವರದಿ ಬೊಟ್ಟು ಮಾಡಿದ ಇನ್ನೊಂದು ವಿಷಯ: ಇಷ್ಟು ಜನರನ್ನು ನೋಡಿಕೊಳ್ಳೋಕೆ, ಕಾರ್ಮಿಕ ಕಾನೂನು ಚೆನ್ನಾಗಿ ಬಲ್ಲವರಿದ್ದ ಎಚ್‌ಆರ್ ವಿಭಾಗವನ್ನು ಕಂಪನಿ ಕಟ್ಟಿರಲೇ ಇಲ್ಲ.

ಇದೇ ಜಿಲ್ಲೆಯ ಗಣಿಗಳಲ್ಲಿ 90 ವರ್ಷದ ಹಿಂದೆ ಬೆರಳಚ್ಚು ಕೊಡೋಲ್ಲ ಅಂತ ಕೆಲಸ ನಿಂತಿತ್ತು. ಈ ಸಲ ಯಂತ್ರ ತಮ್ಮ ಹಾಜರಿಯನ್ನು ಗುರುತಿಸಲಿಲ್ಲ ಅಂತ. ದೂರು ಹೇಳಲು ಹೋದವನನ್ನು ಕಾರ್ಖಾನೆ ಏಜೆನ್ಸಿ ಕಡೆ ತೋರಿಸಿದರೆ, ಏಜೆನ್ಸಿ ಕಾರ್ಖಾನೆ ಕಡೆ ತೋರಿಸುವ ಸ್ಥಿತಿ. ಜಾಬರ್ ಇದ್ದಿದ್ದರೆ ಕನಿಷ್ಠ ಅವನ ಮನೆ ಎಲ್ಲಿ ಅಂತ ಗೊತ್ತಿರುತ್ತಿತ್ತು.

ಒಂದು ವಾರದ ನಂತರ ವಿಸ್ಟ್ರಾನ್, ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲ ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ವೈಸ್ ಪ್ರೆಸಿಡೆಂಟನ್ನು ತೆಗೆಯಿತು. ಆಪಲ್ ಕಂಪನಿ ಅದಕ್ಕೆ ಹೊಸ ಆರ್ಡರ್ ಕೊಡೋದನ್ನು ತಡೆಹಿಡಿಯಿತು. ಅದೇ ವರ್ಷ ಸಂಸತ್ತು ಒಪ್ಪಿದ ಹೊಸ ಸಂಹಿತೆಯಲ್ಲಿ ವೆಲ್‌ಫೇರ್ ಆಫೀಸರ್ ಇರಬೇಕಾದ ಕಾರ್ಖಾನೆಯ ಮಿತಿ 500ರಿಂದ 250 ಕೆಲಸಗಾರರಿಗೆ ಇಳಿದಿತ್ತು. ನರಸಾಪುರದ ಆ ಕಾರ್ಖಾನೆ 2023ರಲ್ಲಿ ಟಾಟಾ ಕೈಗೆ ಹೋಯಿತು. ಅದಕ್ಕೂ ಮೊದಲು, ಗಲಾಟೆಯ ಬೆನ್ನಿಗೇ, ವಿಸ್ಟ್ರಾನ್ ತನ್ನ ಕೆಲಸಗಾರರಿಗಾಗಿ ಇಪ್ಪತ್ನಾಲ್ಕು ಗಂಟೆಯ ಫೋನ್ ಲೈನ್ ಒಂದನ್ನು ಶುರು ಮಾಡಿತು. ಹೆಸರು ಹೇಳದೆ ದೂರು ಕೊಡಬಹುದು, ಕನ್ನಡ, ತೆಲುಗು, ತಮಿಳು, ಹಿಂದಿ, ಇಂಗ್ಲಿಷ್, ಯಾವುದರಲ್ಲಿ ಬೇಕಾದರೂ.